ಯಾವ ಚಿತ್ರ ಮೇಲು?

ರಾಮದುರ್ಗ ತಾಲೂಕಿನ ಸಾಲಹಳ್ಳಿ ನನ್ನ ಹುಟ್ಟೂರು. ಕಳೆದ ದಸರೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ಹೈಸ್ಕೂಲು ಮತ್ತು ಕಾಲೇಜುಗಳಲ್ಲಿ ಓದುವ ಹದಿನೈದು ಮಂದಿ ಹುಡುಗರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ದೊಡ್ಡ ವಾದದಲ್ಲಿ ತೊಡಗಿದ್ದರು. ಒಂದು ರಾತ್ರಿಯ ಮಟ್ಟಿಗೆ ಪ್ರೊಜೆಕ್ಟರೊಂದನ್ನು ಬಾಡಿಗೆಗೆ ತಂದಿದ್ದರು. ಬಿಳಿಯ ಧೋತರವನ್ನು ಗೋಡೆಗೆ ಕಟ್ಟಿಯಾಗಿತ್ತು. ಬಾಡಿಗೆಯ ಹಣವನ್ನು ಎಲ್ಲರೂ ಸಮನಾಗಿ ಹಾಕಿದ್ದರು. ಆದರೆ ತೋರಿಸಬಹುದಾದುದು ಒಂದೇ ಚಿತ್ರ. ಅದು ಯಾವುದು?

ವಾದವು ‘ಟರ್ಮಿನೇಟರ್’ ಎಂಬ ಹೆಸರಿನ ಚಿತ್ರಮಾಲೆಯನ್ನು ಕುರಿತದ್ದು. ಯಂತ್ರಗಳು ಮನುಷ್ಯನ ಮೇಲೆ ಯುದ್ಧ ಹೂಡಿರುವ ಭವಿಷ್ಯತ್ತಿನಿಂದ ಯಂತ್ರಮಾನವನೊಬ್ಬನು ನಮ್ಮ ಕಾಲಕ್ಕೆ ಬರುವನೆಂಬುದು ಅದರ ಕಥೆಯ ಬೀಜ. ಮೊದಲನೆಯ ಚಿತ್ರ ಬಂದುದು 1984ರಲ್ಲಿ. ಅನಂತರ 1991, 2003, 2009, 2015 ಮತ್ತು 2019ರಲ್ಲಿ ಒಂದೊಂದರಂತೆ ಮತ್ತೆ ಐದು ಚಿತ್ರಗಳು ಬಂದವು. ಇಂಥ ಮಾಲೆಯನ್ನು ಮೆಚ್ಚಿದವರು ‘ಇದು ಮೊದಲನೆಯದು, ಇದು ಎರಡನೆಯದು’ ಎಂದು ಪಟ್ಟಿ ಮಾಡದೆ ಇರಲಾರರು. ಇದು ಈಗಿನವರ ಹವ್ಯಾಸವೆಂದು ತಿಳಿಯಬೇಡಿರಿ. ಪಕ್ಕದಲ್ಲಿ ಕುಳಿತಿದ್ದ ನಮ್ಮ ಕಾಕಾ, “ರಾಜಕುಮಾರರ ಸಿ.ಐ.ಡಿ. 999 ನೋಡೀರೇನು? ‘ಜೇಡರ ಬಲೆ’ ಮುಂದ ಉಳಿದದ್ದೆಲ್ಲಾ ಸಪ್ಪಗ!” ಎಂದರು. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ಆ ಮಾಲೆಯ ನಾಲ್ಕು ಚಿತ್ರಗಳನ್ನು ಅವರ ತಲೆಮಾರಿನವರು ಹೀಗೆಯೇ ತೂಗಿ ನೋಡಿದ್ದರು.

ಹುಡುಗರು ನನ್ನನ್ನು ಪಂಚನನ್ನಾಗಿ ಮಾಡಿದರು. ಆರು ಚಿತ್ರಗಳಲ್ಲಿ ಮೂರನ್ನು ಅವರೇ ಆರಿಸಿಕೊಂಡಿದ್ದರು. ನಾನು ಪ್ರತಿಯೊಬ್ಬನಿಗೂ ಒಂದು ಚೀಟಿಯನ್ನು ಕೊಟ್ಟು, ಆ ಮೂರನ್ನೂ ತನ್ನ ಮೆಚ್ಚಿಗೆಯ ಕ್ರಮದಲ್ಲಿ ಬರೆಯಹೇಳಿದೆನು. ಚೀಟಿಗಳು ಹೀಗೆ ಬಂದವು:

ಆರು ಮಂದಿ: 2019, 1991, 1984.
ಐದು ಮಂದಿ: 1984, 1991, 2019.
ನಾಲ್ಕು ಮಂದಿ: 1991, 1984, 2019.

ಮೊದಲ ಸ್ಥಾನದ ಮತಗಳನ್ನು ಮಾತ್ರ ಎಣಿಸಿ, ಆರು ಮತಗಳನ್ನು ಪಡೆದ 2019ರ ಚಿತ್ರವೇ ಗೆದ್ದಿತೆಂದು ನಾನು ಸಾರಿಬಿಟ್ಟೆನು. ಆಗ ಹಿಂದೆ ಕುಳಿತಿದ್ದ ಹುಡುಗನೊಬ್ಬನು, “ಸರ್, ನಮ್ಮೊಳಗ ಒಂಬತ್ತು ಮಂದಿಗೆ ಅದು ಕಟ್ಟಕಡೀದು. ನಾವೂ ರೊಕ್ಕ ಕೊಟ್ಟೇವಲ್ಲ?” ಎಂದನು. ನನಗೆ ಉತ್ತರ ತೋಚಲಿಲ್ಲ. ಅವನ ಮಾತು ಚೀಟಿಗಳಲ್ಲಿಯೇ ಬರೆದಿತ್ತು; ನಾನು ಓದಿರಲಿಲ್ಲ ಅಷ್ಟೆ.

ಮತ್ತೊಬ್ಬನು ಬೇರೊಂದು ಉಪಾಯವನ್ನು ಹೇಳಿದನು. ಮೊದಲ ಸ್ಥಾನದಲ್ಲಿ ಅತಿ ಕಡಿಮೆ ಮತ ಬಿದ್ದ ಚಿತ್ರವನ್ನು ತೆಗೆದು, ಉಳಿದೆರಡರ ನಡುವೆ ಮತ್ತೆ ಎಣಿಸಬೇಕು. ಹಾಗೆ ಮಾಡಲು 1991ರ ಚಿತ್ರ ಹೊರಬಿದ್ದಿತು. ಅದರ ನಾಲ್ಕು ಮತಗಳು 1984ರ ಚಿತ್ರಕ್ಕೆ ಸೇರಿದವು. ಈಗ 1984ಕ್ಕೆ ಒಂಬತ್ತು, 2019ಕ್ಕೆ ಆರು. ಗೆದ್ದುದು 1984!

ಮೂರನೆಯ ವಿಧಾನವೂ ಉಂಟು. ಮೊದಲ ಸ್ಥಾನಕ್ಕೆ ಎರಡು ಅಂಕ, ಎರಡನೆಯದಕ್ಕೆ ಒಂದು, ಕೊನೆಯದಕ್ಕೆ ಸೊನ್ನೆ. ಕೂಡಿದಾಗ 2019ಕ್ಕೆ 12, 1984ಕ್ಕೆ 14, 1991ಕ್ಕೆ 19 ಅಂಕಗಳು ಬಂದವು. ಚೀಟಿಗಳು ಅವೇ, ಮನಸ್ಸುಗಳೂ ಅವೇ. ಎಣಿಸುವ ರೀತಿ ಬದಲಾದೊಡನೆ ವಿಜೇತನೂ ಬದಲಾದನು.

ಈ ಅಂಕಗಳ ವಿಧಾನವನ್ನು 1770ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟವನು ಬೋರ್ದಾ ಎಂಬ ಫ್ರೆಂಚ್ ನೌಕಾಧಿಕಾರಿ. ಲೋಲಕದ ಸೂಕ್ಷ್ಮ ಅಳತೆಗಳಿಂದ ಭೌತಶಾಸ್ತ್ರದಲ್ಲಿಯೂ ಅವನ ಹೆಸರು ಉಳಿದಿದೆ. ಆದರೆ ಅವನ ವಿಧಾನಕ್ಕೂ ಒಂದು ಕೊರತೆಯುಂಟು. ಒಂದನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ, ಎರಡನೆಯದಕ್ಕೂ ಮೂರನೆಯದಕ್ಕೂ ಇರುವಷ್ಟೇ ಎಂದು ಅದು ಭಾವಿಸುವುದು. ಖನಿಜಗಳ ಕಾಠಿಣ್ಯಕ್ಕೆ ಮೋಸ್ ಎಂಬವನು 1812ರಲ್ಲಿ ರಚಿಸಿದ ಮಾನವನ್ನು ನೆನೆಯಿರಿ. ಅದರಲ್ಲಿ ಕುರುಂದದ ಕಲ್ಲಿಗೆ 9, ವಜ್ರಕ್ಕೆ 10. ಹಾಗೆಂದು ವಜ್ರವು ಕುರುಂದಕ್ಕಿಂತ ಒಂದಿಷ್ಟೇ ಹೆಚ್ಚು ಗಟ್ಟಿಯೇ? ಉಪಕರಣಗಳಿಂದ ಅಳೆದರೆ ಹಲವು ಪಟ್ಟು ಹೆಚ್ಚು. ಸ್ಥಾನ ಬೇರೆ, ಪ್ರಮಾಣ ಬೇರೆ.

ಕೊಂಡೊರ್ಸೆ ಎಂಬ ಗಣಿತಜ್ಞನು 1785ರಲ್ಲಿ ಬೇರೊಂದು ದಾರಿಯನ್ನು ಸೂಚಿಸಿದನು: ಎರಡೆರಡನ್ನೇ ಹೋಲಿಸಿ, ಎಲ್ಲವನ್ನೂ ಸೋಲಿಸುವುದನ್ನು ಆರಿಸಬೇಕು. ನಮ್ಮ ಚೀಟಿಗಳಲ್ಲಿ 1991ರ ಚಿತ್ರವು 2019ನ್ನು ಒಂಬತ್ತಕ್ಕೆ ಆರರಂತೆಯೂ, 1984ನ್ನು ಹತ್ತಕ್ಕೆ ಐದರಂತೆಯೂ ಸೋಲಿಸುವುದು. ನ್ಯಾಯವಾದ ದಾರಿಯೇ ಸರಿ. ಆದರೆ ಇದರಲ್ಲಿಯೂ ಒಂದು ತೊಡಕನ್ನು ಅವನೇ ಕಂಡನು. ಮೂವರು ಗೆಳೆಯರಿದ್ದಾರೆನ್ನೋಣ. ಮೊದಲನೆಯವನ ಕ್ರಮ ಕ, ಖ, ಗ. ಎರಡನೆಯವನದು ಖ, ಗ, ಕ. ಮೂರನೆಯವನದು ಗ, ಕ, ಖ. ಇಬ್ಬರ ಬಹುಮತದಿಂದ ಕ ಖವನ್ನು ಸೋಲಿಸುವುದು. ಖ ಗವನ್ನು ಸೋಲಿಸುವುದು. ಹಾಗಾದರೆ ಕ ಗವನ್ನೂ ಸೋಲಿಸಬೇಕಲ್ಲವೆ? ಎಣಿಸಿ ನೋಡಿದರೆ ಗ ಕವನ್ನು ಸೋಲಿಸಿರುವುದು! ಒಬ್ಬೊಬ್ಬನ ಮನಸ್ಸೂ ನೇರವಾಗಿದೆ. ಕೂಡಿದಾಗ ಮಾತ್ರ ಅದು ಗಾಣದ ಎತ್ತಿನಂತೆ ಸುತ್ತುತ್ತದೆ.

ಹಾಗಾದರೆ ದೋಷವಿಲ್ಲದ ವಿಧಾನ ಯಾವುದು? ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಚಾರಿಸಿದನು. ಅವನು ಕೇಳಿದುದು ಹೆಚ್ಚೇನೂ ಅಲ್ಲ. ಯಾರು ಯಾವ ಕ್ರಮವನ್ನು ಬರೆದರೂ ಸುತ್ತಿಲ್ಲದ ಒಂದು ಪಟ್ಟಿ ದೊರೆಯಬೇಕು. ಎಲ್ಲರೂ ಒಂದನ್ನು ಇನ್ನೊಂದಕ್ಕಿಂತ ಮೇಲೆಂದರೆ ಪಟ್ಟಿಯೂ ಹಾಗೆಯೇ ಹೇಳಬೇಕು. ಎರಡರ ತಾರತಮ್ಯವನ್ನು ನಿರ್ಣಯಿಸುವಾಗ ಮೂರನೆಯದು ಅಡ್ಡ ಬರಬಾರದು. ಒಬ್ಬನ ಚೀಟಿಯೇ ಎಲ್ಲರ ತೀರ್ಪಾಗಬಾರದು. ಮೂರು ಅಥವಾ ಹೆಚ್ಚು ವಸ್ತುಗಳಿದ್ದರೆ, ಈ ನಾಲ್ಕನ್ನೂ ಒಮ್ಮೆಗೇ ಪಾಲಿಸುವ ವಿಧಾನವು ಇರಲಾರದೆಂದು ಅವನು ಸಾಧಿಸಿ ತೋರಿಸಿದನು. 1972ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಪಡೆದ ಇಬ್ಬರಲ್ಲಿ ಅವನೊಬ್ಬನು. ಈ ವಿಚಾರವನ್ನು ಮುಂದೆ ಬೆಳೆಸಿದವರಲ್ಲಿ ನಮ್ಮ ಅಮರ್ತ್ಯ ಸೇನರು ಪ್ರಮುಖರು.

ಇದು ಬರಿಯ ಸಿನಿಮಾದ ಮಾತಲ್ಲ. ನಮ್ಮ ಲೋಕಸಭೆಯ ಚುನಾವಣೆಯಲ್ಲಿ ಒಂದೇ ಗುರುತು. ಹೆಚ್ಚು ಮತ ಬಂದವನೇ ಗೆದ್ದವನು. ರಾಷ್ಟ್ರಪತಿಯ ಚುನಾವಣೆಯಲ್ಲಿಯಾದರೋ ಮತದಾರನು ಒಂದು, ಎರಡು, ಮೂರು ಎಂದು ಕ್ರಮವನ್ನು ಬರೆಯಬಹುದು. 1969ರಲ್ಲಿ ಮೊದಲ ಪ್ರಾಶಸ್ತ್ಯದ ಮತಗಳಿಂದ ಯಾರಿಗೂ ಬಹುಮತ ಬರಲಿಲ್ಲ. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರು ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆಯೇ ನೀಲಂ ಸಂಜೀವ ರೆಡ್ಡಿಯವರ ವಿರುದ್ಧ ಗೆದ್ದರು.

ಸಾಲಹಳ್ಳಿಯ ಹುಡುಗರು ಕೊನೆಗೆ 1991ರ ಚಿತ್ರವನ್ನೇ ಒಪ್ಪಿದರು. ಅದಕ್ಕೆ ಮೊದಲ ಸ್ಥಾನ ಕೊಟ್ಟವರು ನಾಲ್ವರೇ. ಆದರೆ ಕೊನೆಯ ಸ್ಥಾನ ಕೊಟ್ಟವನು ಒಬ್ಬನೂ ಇರಲಿಲ್ಲ. ದ್ರವಲೋಹದ ಯಂತ್ರಮಾನವನು ಸರಳುಗಳ ನಡುವೆ ಪಾದರಸದಂತೆ ನುಸುಳಿದಾಗ, ಹಿಂದೆ ಕುಳಿತಿದ್ದ ಆ ಹುಡುಗನೂ ಕೈ ತಟ್ಟಿದನು.

ವಿದ್ಯಾರ್ಥಿಗಳೇ, ಮುಂದೆ ಯಾರಾದರೂ ‘ಹೆಚ್ಚು ಜನ ಮೆಚ್ಚಿದುದು ಇದು’ ಎಂದು ಒಂದು ಪಟ್ಟಿಯನ್ನು ಮುಂದಿಟ್ಟರೆ, ಒಡನೆಯೇ ಒಪ್ಪಲೂ ಬೇಡಿರಿ, ಜಗಳಕ್ಕೆ ನಿಲ್ಲಲೂ ಬೇಡಿರಿ. ‘ಹೇಗೆ ಎಣಿಸಿದಿರಿ?’ ಎಂದು ಮೊದಲು ಕೇಳಿರಿ. ನಾನು ಆ ಪ್ರಶ್ನೆಯನ್ನು ಕಲಿತುದು ನಮ್ಮೂರ ಕಟ್ಟೆಯ ಮೇಲೆ, ನನ್ನದೇ ತಪ್ಪಿನಿಂದ.