ಘಾಟಿ ಇಳಿಸುವ ಪೈಪು

ಸೋಮೇಶ್ವರದಿಂದ ಆಗುಂಬೆಗೆ ಏರುವ ರಸ್ತೆಯಲ್ಲಿ 14 ಕಡಿದಾದ ತಿರುವುಗಳಿವೆ. ಹತ್ತುವಾಗ ಕಷ್ಟವೆಲ್ಲ ಎಂಜಿನ್ನಿಗೆ, ಇಳಿಯುವಾಗ ಬ್ರೇಕಿಗೆ. ಆ ಬ್ರೇಕಿನ ಜೀವ ಇರುವುದು ಕಾರಿನ ಹೊಟ್ಟೆಯಡಿ ಸಾಗುವ 4.75 ಮಿಲಿಮೀಟರ್ ದಪ್ಪದ ಉಕ್ಕಿನ ಪೈಪಿನಲ್ಲಿ ಮತ್ತು ಚಕ್ರದ ಹತ್ತಿರ ಅದಕ್ಕೆ ಸೇರುವ ಗಿಡ್ಡ ರಬ್ಬರ್ ಹೋಸಿನಲ್ಲಿ.

ಉಡುಪಿ ಕಡೆಯ ಹಳೆ ಕಾರುಗಳವರು ಈ ಪೈಪಿಗೆಂದೇ ಹುಡುಕಿಕೊಂಡು ಹೋಗುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಗ್ಯಾರೇಜಿನ ಹುಡುಗರಿಗೆ ಅವರು 'ಮೇಸ್ತ್ರಿ'. ಕರಾವಳಿಯ ಉಪ್ಪುಗಾಳಿ, ಮಳೆಗಾಲದ ಕೆಸರು ಎರಡೂ ಸೇರಿ ಪೈಪನ್ನು ತಿನ್ನುತ್ತವೆ. ತುಕ್ಕು ಹೆಚ್ಚಾಗಿ ಹಿಡಿಯುವುದು ಕ್ಲಿಪ್ಪಿನ ಅಡಿಯಲ್ಲಿ, ನೀರು ನಿಲ್ಲುವ ಜಾಗದಲ್ಲಿ. ಅದಕ್ಕೇ ಮೇಸ್ತ್ರಿ ಮೊದಲು ಕ್ಲಿಪ್ ಸಡಿಲಿಸಿ, ಪೈಪನ್ನು ಒರೆಸಿ, ಉಗುರಿನಿಂದ ಕೆರೆದು ನೋಡುತ್ತಾರೆ. ಹುಡಿ ಉದುರಿ ಗುಳಿ ಬಿದ್ದಿದ್ದರೆ ಪೈಪು ಬದಲಾಗಲೇಬೇಕು.

ಹಳೆಯ ಪೈಪೇ ಹೊಸದಕ್ಕೆ ಅಳತೆ. ಅದನ್ನು ಮುರಿಯದಂತೆ ಬಿಚ್ಚಿ ಬೆಂಚಿನ ಮೇಲಿಟ್ಟು, ಒಂದೊಂದೇ ಬಾಗು ನೋಡುತ್ತ ಹೊಸ ಪೈಪನ್ನು ಬಗ್ಗಿಸುತ್ತಾರೆ. ಪೈಪು ಎಲ್ಲೂ ಮಡಿಚಿಕೊಳ್ಳಬಾರದು. ತುದಿಯನ್ನು ಕಟ್ಟರ್‌ನಿಂದ ಕತ್ತರಿಸಿ, ಒಳಗಿನ ಚೂರು ತೆಗೆದು, ನಟ್ಟನ್ನು ಮೊದಲೇ ತೂರಿಸುತ್ತಾರೆ. ನಟ್ಟು ಮರೆತರೆ ಮಾಡಿದ ತುದಿಯನ್ನು ಕತ್ತರಿಸಿ ಮತ್ತೆ ಶುರು ಮಾಡಬೇಕು. ಫ್ಲೇರಿಂಗ್ ಟೂಲಿನ ಮೊದಲ ಒತ್ತಿಗೆ ಪೈಪಿನ ಬಾಯಿ ಹೊರಕ್ಕೆ ಉಬ್ಬುತ್ತದೆ, ಎರಡನೆಯದಕ್ಕೆ ಅಂಚು ಒಳಕ್ಕೆ ಮಡಚಿ ಇಮ್ಮಡಿಯಾಗುತ್ತದೆ. ಇದೇ ಡಬಲ್ ಫ್ಲೇರ್. ಒಂದೇ ಪದರದ ತುದಿ ಬ್ರೇಕಿನ ಒತ್ತಡಕ್ಕೆ ಬಿರುಕು ಬಿಡಬಹುದು. ಮಡಿಕೆಯ ಸುತ್ತ ಬೆರಳಾಡಿಸಿ, ಎಲ್ಲೂ ಓರೆಯಾಗಿಲ್ಲವೆಂದು ಖಾತ್ರಿಯಾದ ಮೇಲೇ ಪೈಪು ಗಾಡಿಗೆ ಹೋಗುತ್ತದೆ.

ಹೋಸಿನ ಕಥೆ ಬೇರೆ. ಹೊರಗೆ ಹೊಸದರಂತಿದ್ದೂ ಅದು ಒಳಗೆ ಊದಿಕೊಂಡಿರಬಹುದು. ಆಗ ಪೆಡಲ್ ತುಳಿದರೆ ಆಯಿಲ್ ಚಕ್ರದತ್ತ ಹೋಗುತ್ತದೆ, ಕಾಲು ತೆಗೆದರೆ ಸರಾಗವಾಗಿ ಹಿಂದಿರುಗುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಬ್ರೇಕ್ ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸಿನಿಂದಲೇ ತೂಗುಬಿಡುವ ಅಭ್ಯಾಸ ಕಂಡರೆ ಮೇಸ್ತ್ರಿಗೆ ಸಿಟ್ಟು ಬರುತ್ತದೆ. ಸಿಟ್ಟು ನ್ಯಾಯವಾದದ್ದೇ, ಆ ಭಾರಕ್ಕೆ ಒಳಗಿನ ರಬ್ಬರ್ ಹಾಳಾಗುತ್ತದೆ. ಹೊಸ ಹೋಸ್ ಹಾಕಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಅದು ಟೈರಿಗೆ ಉಜ್ಜುತ್ತದೆಯೇ ಎಂದು ನೋಡುತ್ತಾರೆ.

ಆಮೇಲೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ. "ತುಳಿ… ಹಿಡ್ಕೋ" ಎಂದು ಕೆಳಗಿನಿಂದ ಕೂಗು. "ಹಿಡ್ಕೊಂಡೆ ಮೇಸ್ತ್ರಿ" ಎಂದು ಮೇಲಿನಿಂದ ಉತ್ತರ. ಗಾಳಿ ಹೊರಬಿಡಲು ಸಡಿಲಿಸಿದ ನಿಪ್ಪಲ್ ಮತ್ತೆ ಬಿಗಿಯಾಗುವವರೆಗೆ ಹುಡುಗ ಕಾಲೆತ್ತುವಂತಿಲ್ಲ, ಎತ್ತಿದರೆ ಗಾಳಿ ಮತ್ತೆ ಒಳಗೆ.

ಆಯಿಲ್ ಒತ್ತಡದಿಂದ ಬ್ರೇಕ್ ಹಿಡಿಸುವ ಈ ಏರ್ಪಾಡಿಗೆ ಶತಮಾನ ದಾಟಿದೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಹೈಡ್ರಾಲಿಕ್ ಬ್ರೇಕಿಗೆ ಪೇಟೆಂಟ್ ಪಡೆದರು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಅಂಥ ಬ್ರೇಕ್ ಬಂತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ ಎಂಬುದು ಇಂದಿಗೂ ತಲೆನೋವು. ಡಾಟ್ 3 ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಆ ತೇವವೇ ಪೈಪಿಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ.

ಈಗಿನ ಗಾಡಿಗಳಿಗೆ ಬಗ್ಗಿಸಿದ ಪೈಪು ಸಿದ್ಧವಾಗಿಯೇ ಬರುತ್ತದೆ, ಎಬಿಎಸ್ ಇರುವ ಕೆಲವಕ್ಕೆ ಗಾಳಿ ತೆಗೆಯಲೂ ಸ್ಕ್ಯಾನರ್ ಬೇಕು. ಮೇಸ್ತ್ರಿಯ ಬೆಂಚಿಗೆ ಬರುವುದು ಪದ್ಮಿನಿ, ಕಾಂಟೆಸ್ಸಾ, ಅಂಬಾಸಿಡರ್‌ನಂಥ ತಯಾರಿಕೆ ನಿಂತ ಕಾರುಗಳು. ಸರ್ವೀಸಿಗೆ ಬಿಟ್ಟವರು ಪಾಲಿಶ್, ಎಸಿ ಎಲ್ಲ ವಿಚಾರಿಸುತ್ತಾರೆ, ಹೋಸ್ ನೋಡಿ ಎಂದು ಹೇಳುವವರು ಕಡಿಮೆ. ಮಳೆಗಾಲ ಮುಗಿದ ಕೂಡಲೇ ಒಮ್ಮೆ ಕೇಳಿದರೆ ಸಾಕಿತ್ತು.

ಕೈಹಿಡಿತ ಬಂದ ಹುಡುಗರು ಗಲ್ಫಿನ ವರ್ಕ್‌ಶಾಪುಗಳಿಗೆ ಹೋಗಿಬಿಡುತ್ತಾರೆ. ಈಗಿರುವವನಿಗೆ ಕಣ್ಣಳತೆ ಚೆನ್ನಾಗಿದೆ, ಡಬಲ್ ಫ್ಲೇರ್ ಮಾತ್ರ ಇನ್ನೂ ಸರಿಯಾಗಿ ಕೂರುತ್ತಿಲ್ಲ. ಪಾಸ್‌ಪೋರ್ಟಿಗೆ ಅವನೂ ಅರ್ಜಿ ಹಾಕಿದ್ದಾನೆ.