80ಜಿ ವಿನಾಯಿತಿ: ಕೊಡುವವರಿಗೆ ಏನು, ಪಡೆಯುವವರಿಗೆ ಏನು?

ಸಂಘದ ಕಛೇರಿಗೆ ವರ್ಷವಿಡೀ ಧನಸಹಾಯ ಕೋರುವ ವಿನಂತಿ ಪತ್ರಗಳು ಬರುತ್ತಲೇ ಇರುತ್ತವೆ. ಶಾಲೆಗೆ ಒಂದು ಕೊಠಡಿ, ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯ, ಆಸ್ಪತ್ರೆಗೆ ಹಾಸಿಗೆ, ಗುಡಿಯ ಜೀರ್ಣೋದ್ಧಾರ, ಹೀಗೆ ಕಾರಣಗಳು ಹಲವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದಲೂ ಪತ್ರಗಳು ಬರುವುದುಂಟು. ನಮ್ಮ ಸದಸ್ಯರಲ್ಲಿ ಕೆಲವರಿಗೆ ಅತ್ತ ಬೀಗತನವಿದೆ. ಕೊಯ್ಲಿನ ಹಂಗಾಮಿಗೆ ಕೆಲಸಕ್ಕೆ ಬರುವವರಲ್ಲಿ ಹಲವರ ಊರೂ ಬಯಲುಸೀಮೆಯೇ. ನಾವು ವಂತಿಗೆ ಎನ್ನುವುದನ್ನು ಅವರು ವರ್ಗಣಿ ಎನ್ನುತ್ತಾರೆ, ನಾವು ರಸೀದಿ ಎನ್ನುವುದನ್ನು ಪಾವತಿ ಎನ್ನುತ್ತಾರೆ. ಮಾತು ಬೇರೆಯಾದರೂ ಪತ್ರದ ಕೊನೆಯ ಸಾಲು ಮಾತ್ರ ಈಚೆಗೆ ಎಲ್ಲ ಕಡೆಯೂ ಒಂದೇ: 'ದೇಣಿಗೆಗೆ 80ಜಿ ತೆರಿಗೆ ವಿನಾಯಿತಿ ಉಂಟು.'

ಈ ಸಾಲನ್ನು ಓದಿದ ಸದಸ್ಯರು ಎರಡು ಬಗೆಯಾಗಿ ಕೇಳುತ್ತಾರೆ. 'ಇದರಿಂದ ನಮಗೇನು ಲಾಭ?' ಎಂಬುದು ಒಂದು. 'ಈ ಸಾಲು ಇಲ್ಲದ ಸಂಸ್ಥೆಗೆ ಕೊಡಬಾರದೇ?' ಎಂಬುದು ಇನ್ನೊಂದು. ಇವೆರಡಕ್ಕೂ ಇಲ್ಲಿ ಉತ್ತರ ಹೇಳಲು ಯತ್ನಿಸಿದ್ದೇವೆ.

ಏನಿದು 80ಜಿ?

1961ರ ಆದಾಯ ತೆರಿಗೆ ಕಾಯ್ದೆಗೆ 1967ರಲ್ಲಿ ಸೇರಿಸಿದ, 1968ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಲಮು ಇದು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ 2025ರ ಕಾಯ್ದೆಯಲ್ಲಿ ಇದೇ ವಿಷಯ 133ನೆಯ ಕಲಮಿನಲ್ಲಿದೆ. ಆದರೂ ಜನರ ಬಾಯಲ್ಲಿ 80ಜಿ ಎಂಬ ಹೆಸರೇ ನಿಂತಿದೆ.

ಇದರ ತಿರುಳು ಇಷ್ಟು: ಅನುಮೋದನೆ ಪಡೆದ ಧರ್ಮಸಂಸ್ಥೆಗೆ ತೆರಿಗೆದಾರನು ದೇಣಿಗೆ ಕೊಟ್ಟರೆ ಅದರ ಒಂದು ಭಾಗವನ್ನು ಅವನ ಆದಾಯದಿಂದ ಕಳೆದು, ಉಳಿದುದಕ್ಕೆ ತೆರಿಗೆ ಹಾಕಲಾಗುವುದು. ಕಡಿಮೆಯಾಗುವುದು ತೆರಿಗೆಯ ಲೆಕ್ಕಕ್ಕೆ ಬರುವ ಆದಾಯವೇ ಹೊರತು ಕೊಟ್ಟಷ್ಟು ತೆರಿಗೆಯಲ್ಲ. ಪ್ರಧಾನಮಂತ್ರಿಗಳ ಮತ್ತು ಮುಖ್ಯಮಂತ್ರಿಗಳ ಪರಿಹಾರ ನಿಧಿಗಳಿಗೆ ಕೊಟ್ಟ ಹಣ ಪೂರ್ತಿ ಕಳೆಯುತ್ತದೆ. ಸಾಮಾನ್ಯ ಧರ್ಮಸಂಸ್ಥೆಗಳಿಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ; ಅದೂ ಇತರ ಕಡಿತಗಳ ನಂತರದ ಆದಾಯದ ಶೇಕಡಾ 10ರ ಮಿತಿಯೊಳಗೆ.

ಒಂದು ಲೆಕ್ಕ ನೋಡೋಣ. ಸದಸ್ಯರೊಬ್ಬರ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಇತರ ಕಡಿತಗಳು ಕಳೆದು ಅವನ ಆದಾಯ 8,00,000 ರೂಪಾಯಿ. ಅವನು ಹುಟ್ಟೂರಿನ ಶಾಲೆಯ ಟ್ರಸ್ಟಿಗೆ 1,00,000 ರೂ. ಕೊಟ್ಟ ಎನ್ನೋಣ. ಶೇಕಡಾ 10ರ ಮಿತಿಯಂತೆ ಲೆಕ್ಕಕ್ಕೆ ಬರುವುದು 80,000 ರೂ.; ಅದರಲ್ಲಿ ಅರ್ಧ 40,000 ರೂ. ಅವನ ಆದಾಯದಿಂದ ಕಳೆಯುತ್ತದೆ. ಹಳೆಯ ತೆರಿಗೆ ಪದ್ಧತಿಯ ಶೇಕಡಾ 20ರ ದರದಲ್ಲಿ 8,000 ರೂ., ಸೆಸ್ ಸೇರಿ 8,320 ರೂ. ತೆರಿಗೆ ಉಳಿಯಿತು. ಲಕ್ಷ ಕೊಟ್ಟವನ ಕೈಯಿಂದ ಹೋದದ್ದು 91,680 ರೂ. ಲಾಭಕ್ಕಾಗಿ ದಾನ ಮಾಡುವುದು ಇಲ್ಲಿ ಸಾಧ್ಯವಿಲ್ಲ ಎಂಬುದು ಇದರಿಂದ ಸ್ಪಷ್ಟ.

ಅವನು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ 8,320 ರೂಪಾಯಿಯೂ ಉಳಿಯದು. ಆ ಪದ್ಧತಿಯಲ್ಲಿ ದೇಣಿಗೆಯ ಕಡಿತವೇ ಇಲ್ಲ. 2023-24ರ ಸಾಲಿನಿಂದ, ತಾನಾಗಿ ಹಳೆಯ ಪದ್ಧತಿಯನ್ನು ಆರಿಸಿಕೊಳ್ಳದವರಿಗೆಲ್ಲ ಹೊಸದೇ ಅನ್ವಯಿಸುತ್ತದೆ.

ಬೆಳೆಗಾರನಿಗೆ ಎಷ್ಟು ಉಪಯೋಗ?

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತೋಟದ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರುವ ರೈತನ ಆದಾಯ ಕೃಷಿ ಆದಾಯವೇ. ಕಾಫಿಯ ವಿಷಯದಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಬೆಳೆದ ಕಾಫಿಯನ್ನು ತಾನೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ ಶೇಕಡಾ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ತೆರಿಗೆಗೆ ಒಳಪಡುತ್ತದೆ. ದೇಣಿಗೆಯ ಕಡಿತ ಸಿಗುವುದು ಹೀಗೆ ತೆರಿಗೆಗೆ ಒಳಪಟ್ಟ ಪಾಲಿನಲ್ಲಿ ಮಾತ್ರ.

ಆದ್ದರಿಂದ ಅಡಿಕೆಯ ಆದಾಯವೊಂದನ್ನೇ ನಂಬಿದ ಸದಸ್ಯರಿಗೆ 80ಜಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಲ್ಲದ ತೆರಿಗೆಯಲ್ಲಿ ಕಡಿತವೆಲ್ಲಿಂದ ಬರಬೇಕು? ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರ ಇದೇ: ನಮ್ಮಲ್ಲಿ ಬಹುತೇಕರಿಗೆ ಇದರಿಂದ ಲಾಭ ಇಲ್ಲ, ಅಥವಾ ಅತ್ಯಲ್ಪ.

ಸಿರಸಂಗಿಯ ದತ್ತಿ

ತೆರಿಗೆಯ ಆಸೆಯಿಲ್ಲದೆ ದೊಡ್ಡ ದಾನಗಳು ಆಗುತ್ತವೆಯೇ ಎಂದು ಕೇಳುವವರು ಸವದತ್ತಿ ತಾಲ್ಲೂಕಿನ ಸಿರಸಂಗಿಯನ್ನು ನೆನೆಯಬೇಕು. ನವಲಗುಂದ-ಸಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದವರು. 1906ರಲ್ಲಿ ತೀರಿಕೊಂಡ ಅವರು ಮೃತ್ಯುಪತ್ರದ ಮೂಲಕ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದರು. 1916ರಲ್ಲಿ ಏಳು ಮಂದಿ ಸೇರಿ ಬೆಳಗಾವಿಯಲ್ಲಿ ಸ್ಥಾಪಿಸಿದ ಕೆ.ಎಲ್.ಇ. ಸೊಸೈಟಿಯು 1933ರಲ್ಲಿ ತೆರೆದ ಕಾಲೇಜಿಗೆ ಇವರದೇ ಹೆಸರು, ಲಿಂಗರಾಜ ಕಾಲೇಜು. 80ಜಿ ಕಲಮು ಹುಟ್ಟಿದ್ದು ಆ ದತ್ತಿಯಾಗಿ ಅರುವತ್ತು ವರ್ಷಗಳ ಮೇಲೆ.

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಹುಂಡಿಗೆ ಹಾಕುವ ಹಣಕ್ಕೂ ಪಾವತಿ ಕೇಳುವವರಿಲ್ಲ. ಅದು ಭಕ್ತರಿಗೂ ತಾಯಿಗೂ ಬಿಟ್ಟ ವಿಷಯ. ಕೊಡುವ ಮನಸ್ಸಿಗೆ ಕಾಯ್ದೆ ಮೂಲವಲ್ಲ.

ಹಾಗಾದರೆ ಸಂಸ್ಥೆಗಳಿಗೆ ಇದೇಕೆ ಬೇಕು?

ಇಂದು ಹಳ್ಳಿಯ ಸಂಸ್ಥೆಗೆ ಆಸ್ತಿ ಬಿಡುವ ದೇಸಾಯಿಗಳಿಲ್ಲ. ಹಣ ಬರಬೇಕಾದದ್ದು ಊರು ಬಿಟ್ಟುಹೋದ ನೌಕರರಿಂದ, ವರ್ತಕರಿಂದ, ಕಂಪನಿಗಳಿಂದ. ಇವರಲ್ಲಿ ಹಳೆಯ ಪದ್ಧತಿಯ ತೆರಿಗೆದಾರರು ಮೊದಲು ಕೇಳುವುದು 80ಜಿ ಪ್ರಮಾಣಪತ್ರವನ್ನು. ಕಂಪನಿಗಳ ವಿಷಯ ಇನ್ನೂ ಬಿಗಿ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಆ ಹಣವನ್ನು ಪಡೆದು ಕೆಲಸ ಮಾಡುವ ಖಾಸಗಿ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಮತ್ತು 80ಜಿ ಅನುಮೋದನೆ ಎರಡೂ ಇರಬೇಕು. 2021ರ ಏಪ್ರಿಲಿನಿಂದ ಕಂಪನಿ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿಯೂ ಬೇಕು. ಕಾಗದಪತ್ರವಿಲ್ಲದ ಸಂಸ್ಥೆ ಎಷ್ಟೇ ಒಳ್ಳೆಯ ಕೆಲಸ ಮಾಡುತ್ತಿದ್ದರೂ ಆ ಬಾಗಿಲು ಅದಕ್ಕೆ ತೆರೆಯದು.

ಇದರ ಪೆಟ್ಟು ತಿಳಿಯುವುದು ಕಷ್ಟಕಾಲದಲ್ಲಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಕಾಫಿ ತೋಟಗಳು ಮಣ್ಣು ಪಾಲಾದವು. ಮರುವರ್ಷದ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೂ ಹೊಳೆದಂಡೆಯ ಹಳ್ಳಿಗಳಿಗೂ ನುಗ್ಗಿತು. ಅಂಥ ದಿನಗಳಲ್ಲಿ ಅಕ್ಕಿ, ಕಂಬಳಿ, ಪಾತ್ರೆಗಳನ್ನು ಲಾರಿ ತುಂಬಿಸಿ ಕಳಿಸುವವರು ಬಹಳ. ವಸ್ತುರೂಪದ ಈ ದಾನಕ್ಕೆ ಕಡಿತ ಇಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಆದರೆ ನೀರಿಳಿದ ಮೇಲೆ ಬಿದ್ದ ಗೋಡೆ ಕಟ್ಟಲು ದೊಡ್ಡ ಮೊತ್ತ ಬೇಕಾಗುತ್ತದೆ. ಆಗ ಅನುಮೋದನೆಗೆ ಅರ್ಜಿ ಹಾಕಿ ಕಾಯುವಷ್ಟು ಕಾಲ ಇರುವುದಿಲ್ಲ. ಮಳೆಗೆ ಮುಂಚೆ ಹಂಚು ಕೈಯಾಡಿಸುವಂತೆ ಈ ಕೆಲಸವನ್ನೂ ಮೊದಲೇ ಮುಗಿಸಿರಬೇಕು.

ಅನುಮೋದನೆಗೆ ಕಟ್ಟುಪಾಡುಗಳಿವೆ. ವಿಶ್ವಸ್ತ ಪತ್ರ ಅಥವಾ ನೋಂದಣಿ, ಕ್ರಮವಾದ ಲೆಕ್ಕಪತ್ರ ಬೇಕು. ಸಂಸ್ಥೆಯು ಒಂದು ಜಾತಿ ಅಥವಾ ಮತದವರ ಹಿತಕ್ಕೆಂದೇ ಇರಬಾರದು. ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು, ಮಕ್ಕಳಿಗಾಗಿ ಇರುವವಕ್ಕೆ ಈ ಅಡ್ಡಿಯಿಲ್ಲ. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ಅನುಮೋದನೆ, ಬಳಿಕ ಐದು ವರ್ಷಕ್ಕೊಮ್ಮೆ ನವೀಕರಣ. ಹಿಂದೆ ಒಮ್ಮೆ ಪಡೆದು ಗೋಡೆಗೆ ತೂಗಿದ ಪತ್ರ 2021ರ ನಂತರ ನಡೆಯದು. ಪ್ರತಿವರ್ಷ ದಾನಿಗಳ ವಿವರವನ್ನು ಮೇ 31ರೊಳಗೆ ಇಲಾಖೆಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಚಿಕ್ಕ ಸಂಸ್ಥೆಗಳಿಗೆ ಇದು ಹೊರೆಯೇ ಸರಿ. ಆದರೆ ಹೀಗೆ ಲೆಕ್ಕ ಇಟ್ಟುದರಿಂದ ದಾನಿಗಳ ನಂಬಿಕೆಯೂ ಉಳಿಯುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಪತ್ರದಲ್ಲಿ '80ಜಿ' ಎಂದು ಅಚ್ಚಾಗಿದ್ದರೆ ಸಾಲದು. ಅನುಮೋದನೆಯ ಸಂಖ್ಯೆ ಮತ್ತು ಅದು ಯಾವ ವರ್ಷದವರೆಗೆ ಎಂಬುದನ್ನು ಕೇಳಿರಿ.

2. 2,000 ರೂಪಾಯಿಗೆ ಮೇಲ್ಪಟ್ಟ ದೇಣಿಗೆಯನ್ನು ನಗದಾಗಿ ಕೊಟ್ಟರೆ ಕಡಿತ ಸಿಗದು. ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಕೊಡಿರಿ.

3. ಪಾವತಿ ಪಡೆಯುವಾಗ ನಿಮ್ಮ ಪ್ಯಾನ್ ಸಂಖ್ಯೆ ಬರೆಸಿರಿ. ಸಂಸ್ಥೆ ಇಲಾಖೆಗೆ ವಿವರ ಸಲ್ಲಿಸಿದ ಮೇಲೆ ಕೊಡುವ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಬರಿಯ ಪಾವತಿ ಸಾಲದು.

4. ಗುಡಿಯ ಜೀರ್ಣೋದ್ಧಾರದ ದೇಣಿಗೆಗೆ ಕಡಿತ ಸಿಗುವುದು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿದ ದೇವಾಲಯಗಳಿಗೆ ಮಾತ್ರ.

5. ಕೊಟ್ಟದ್ದಕ್ಕಿಂತ ಹೆಚ್ಚು ಮೊತ್ತದ ಪಾವತಿ ಕೊಡುತ್ತೇವೆ ಎನ್ನುವವರನ್ನು ಹೊಸ್ತಿಲ ಹೊರಗೇ ಕಳಿಸಿರಿ. ಅದು ದಾನವಲ್ಲ, ಮೋಸ.

ಎರಡನೆಯ ಪ್ರಶ್ನೆಗೂ ಉತ್ತರ ಹೇಳಿ ಮುಗಿಸುತ್ತೇವೆ. 80ಜಿ ಇಲ್ಲದ ಸಂಸ್ಥೆಗೆ ಧಾರಾಳವಾಗಿ ಕೊಡಬಹುದು. ಅನುಮೋದನೆಯು ಸಂಸ್ಥೆಯ ಕಾಗದಪತ್ರಕ್ಕೆ ಸಾಕ್ಷಿ, ಅದರ ಕೆಲಸಕ್ಕಲ್ಲ. ಕೆಲಸವನ್ನು ನಾವೇ ಹೋಗಿ ನೋಡಬೇಕು. ಕೆಲಸ ಒಳ್ಳೆಯದಿದ್ದು ಕಾಗದ ಮಾತ್ರ ಇಲ್ಲದಿದ್ದರೆ, ಹಣದ ಜೊತೆಗೆ ಒಬ್ಬ ಲೆಕ್ಕಪರಿಶೋಧಕರನ್ನೂ ಗೊತ್ತುಮಾಡಿ ಕೊಡಿರಿ. ತಮ್ಮ ಊರಿನ ಇಂಥ ಸಂಸ್ಥೆಗಳ ಹೆಸರನ್ನು ಸದಸ್ಯರು ಕಛೇರಿಗೆ ಬರೆದು ತಿಳಿಸಿದರೆ, ಅರ್ಜಿಯ ವಿಧಾನವನ್ನು ಅವರಿಗೆ ವಿವರಿಸಿ ಹೇಳಲು ನಾವು ಸಿದ್ಧರಿದ್ದೇವೆ.