ದತ್ತಕೋಶದಲ್ಲಿ ದ್ವಿಮಾನ ವಸ್ತುಗಳ ಸಂಗ್ರಹ: ಜಾವಾ ಉತ್ಪಾದಕ ಸಾಧನಗಳ ಉಪಯೋಗ ಮತ್ತು ಮಿತಿ

ಓಲೆಗರಿಯೊಂದನ್ನು ಗಣಕದ ಡೇಟಾಬೇಸಿಗೆ, ಅರ್ಥಾತ್ ದತ್ತಕೋಶಕ್ಕೆ, ಸೇರಿಸುವಾಗ ಎರಡು ಬಗೆಯ ಸಾಮಗ್ರಿ ಒದಗುತ್ತದೆ. ಗ್ರಂಥನಾಮ, ಕರ್ತೃ, ಗರಿಸಂಖ್ಯೆ ಮೊದಲಾದವು ಅಕ್ಷರ ಹಾಗೂ ಅಂಕಿಗಳಾಗಿ ಕೋಷ್ಟಕದಲ್ಲಿ ಸುಲಭವಾಗಿ ನಿಲ್ಲುತ್ತವೆ. ಗರಿಯ ಛಾಯಾಚಿತ್ರವಾದರೋ ಬೈಟುಗಳ ದೀರ್ಘ ಸರಣಿ. ದತ್ತಕೋಶವು ಅದರ ಅರ್ಥವನ್ನು ಅರಿಯದೆಯೇ ಇದ್ದುದನ್ನು ಇದ್ದಂತೆ ಕಾಪಾಡಬೇಕು. ಇಂತಹ ದ್ವಿಮಾನ ವಸ್ತುವಿಗೆ 'ಬ್ಲಾಬ್' ಎಂದು ಹೆಸರು.

ಜಾವಾ ಭಾಷೆಯ ಪ್ರೋಗ್ರಾಮಿಗೂ ದತ್ತಕೋಶಕ್ಕೂ ನಡುವಣ ವ್ಯವಹಾರಕ್ಕೆ 2006ರಲ್ಲಿ ಜೆಪಿಎ ಎಂಬ ನಿಯಮಾವಳಿ ಏರ್ಪಟ್ಟಿತು. ಹೈಬರ್ನೇಟ್ ಟೂಲ್ಸ್ ಮೊದಲಾದ ಸಾಧನಗಳು ಕೋಷ್ಟಕದ ರಚನೆಯನ್ನು ಓದಿ, ಅದಕ್ಕೆ ಸಂವಾದಿಯಾದ ಜಾವಾ ವರ್ಗವನ್ನು ತಾವೇ ಬರೆದುಕೊಡುತ್ತವೆ. ಇದರಿಂದ ಶ್ರಮ ಉಳಿಯುವುದು ನಿಜ. ಆದರೆ ಸಾಧನಕ್ಕೆ ಅಂಕಣದ ಜಾತಿ ತಿಳಿದೀತೇ ಹೊರತು ಅದರ ಪ್ರಯೋಜನ ತಿಳಿಯದು. ಆದಕಾರಣ ಮೂರು ಅಂಶಗಳನ್ನು ಬಳಸುವವರೇ ಪರಿಶೀಲಿಸಬೇಕಾಗುತ್ತದೆ.

ಮೊದಲನೆಯದು ಪ್ರಮಾಣ. ಮೈಎಸ್‌ಕ್ಯೂಎಲ್‌ನಲ್ಲಿ 'ಬ್ಲಾಬ್' ಜಾತಿಯ ಅಂಕಣ ಧರಿಸುವುದು 65,535 ಬೈಟುಗಳನ್ನು ಮಾತ್ರ. 'ಮೀಡಿಯಂಬ್ಲಾಬ್' 16,777,215 ಬೈಟುಗಳನ್ನು ಧರಿಸುತ್ತದೆ. ಅಲ್ಲಿ 'ಸ್ಟ್ರಿಕ್ಟ್' ವಿಧಾನ ಜಾರಿಯಲ್ಲಿಲ್ಲದಿದ್ದರೆ, ಮಿತಿಮೀರಿದ ಭಾಗವು ಕೇವಲ ಎಚ್ಚರಿಕೆಯೊಂದರೊಡನೆ ಕತ್ತರಿಸಿಹೋಗುತ್ತದೆ. ಉಳಿಯುವುದು ತ್ರುಟಿತ ಪ್ರತಿ.

ಎರಡನೆಯದು ಕಾಲ. ಜೆಪಿಎ ನಿಯಮದಂತೆ ಸಾಮಾನ್ಯ ಕ್ಷೇತ್ರಗಳೆಲ್ಲ ಒಮ್ಮೆಗೇ ಓದಲ್ಪಡುತ್ತವೆ. ತಲಾ 5 ಮೆಗಾಬೈಟಿನ ಚಿತ್ರಗಳುಳ್ಳ 1,000 ಗರಿಗಳ ಸೂಚಿಯನ್ನು ಕೇಳಿದರೆ, ಹೆಸರುಗಳಷ್ಟೇ ಬೇಕಾಗಿದ್ದರೂ 5,000 ಮೆಗಾಬೈಟು ಸ್ಮೃತಿಗೆ ಬಂದು ಬೀಳುತ್ತದೆ. 'ಲೇಜಿ' ಎಂಬ ಗುರುತು, ಅಂದರೆ ಬೇಕಾದಾಗ ಮಾತ್ರ ಓದುವ ಸೂಚನೆ, ಇಂತಹ ಕ್ಷೇತ್ರಗಳಿಗೆ ಕಡ್ಡಾಯವಲ್ಲ. ಆದ್ದರಿಂದ ಚಿತ್ರಗಳಿಗೆ ಪ್ರತ್ಯೇಕ ಕೋಷ್ಟಕವನ್ನೂ ಪ್ರತ್ಯೇಕ ವರ್ಗವನ್ನೂ ಕಲ್ಪಿಸಿ, ಚಿತ್ರದ ಸಾಲಿನಲ್ಲಿ ಗರಿಯ ಕ್ರಮಾಂಕವನ್ನು ನಮೂದಿಸುವುದು ಕ್ಷೇಮಕರ.

ಮೂರನೆಯದು ಸ್ಥಾನ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 'ಬೈಟ್ಎ' ಜಾತಿಯ ಅಂಕಣದಲ್ಲಿಟ್ಟ ವಸ್ತು ಆ ಸಾಲಿನ ಅಂಗವಾಗಿಯೇ ಇರುತ್ತದೆ. 'ಒಐಡಿ' ಅಂಕಣದಲ್ಲಿರುವುದಾದರೋ ಸಂಖ್ಯೆ ಮಾತ್ರ, ವಸ್ತುವಿರುವುದು ಬೇರೆಡೆ. ಸಾಲನ್ನು ಅಳಿಸಿದರೂ ವಸ್ತು ತಾನಾಗಿ ಅಳಿಯದು. ಅಂತೆಯೇ, ಪಿಜಿ-ಡಂಪ್ ಸಾಧನದಿಂದ ಒಂದು ಕೋಷ್ಟಕವನ್ನಷ್ಟೇ ಆರಿಸಿ ಪ್ರತಿ ತೆಗೆದಾಗ, ವಿಶೇಷವಾಗಿ ಸೂಚಿಸದ ಹೊರತು ವಸ್ತುಗಳು ಆ ಪ್ರತಿಯಲ್ಲಿ ಸೇರುವುದಿಲ್ಲ. ಸೂಚಿ ಉಳಿದು ಗ್ರಂಥವೇ ಇಲ್ಲವಾದಂತಹ ಸ್ಥಿತಿ ಅದು.

ಈ ಮೂರು ದೋಷಗಳೂ ಸೂಚಿಯನ್ನು ನೋಡಿದ ಮಾತ್ರಕ್ಕೆ ಕಾಣುವಂಥವಲ್ಲ. ಮೂಲಚಿತ್ರಕ್ಕೂ ದತ್ತಕೋಶದಿಂದ ಮರಳಿ ತೆಗೆದ ಚಿತ್ರಕ್ಕೂ ಎಸ್‌ಎಚ್‌ಎ-256 ವಿಧಾನದ ಮುದ್ರಾಂಕವನ್ನು ಗಣಿಸಿ ಹೋಲಿಸಬೇಕು. ಮುದ್ರಾಂಕಗಳು ಭಿನ್ನವಾದರೆ ಪ್ರತಿ ಅಶುದ್ಧವೆಂದು ನಿಶ್ಚಯ. ಸುರಕ್ಷಾಪ್ರತಿಯಿಂದ ತೆಗೆದ ಚಿತ್ರಗಳಿಗೂ ಇದೇ ಪರಿಶೋಧನೆ ನಡೆದಲ್ಲದೆ ಸಂಗ್ರಹಕಾರ್ಯವು ಪೂರ್ಣವಾಯಿತೆಂದು ಭಾವಿಸಲಾಗದು.